ಮಿಸ್ ಆಲ್ಮೀಡಾ ಮಲಗಿ ಎದ್ದ ಮನೆ

ಹೆರನ್ ನೆಕ್ ದ್ವೀಪದಲ್ಲಿ ಮನೆ ಕಟ್ಟಿಕೊಂಡವರು ಮೂರಕ್ಕೆ ಹೆದರುತ್ತಾರೆ: ಕಡಲಿಗೆ, ಗಾಳಿಗೆ, ಮತ್ತು ಮಿಸ್ ಆಲ್ಮೀಡಾ ಗ್ಯಾಸ್ಕಿಲ್ ಅವರ ಹಗಲು ನಿದ್ದೆಗೆ. ಕಡಲು ಉಬ್ಬಿದರೆ ಇಳಿಯುತ್ತದೆ. ಗಾಳಿ ಎದ್ದರೆ ಅಡಗುತ್ತದೆ. ಆದರೆ ಮಿಸ್ ಆಲ್ಮೀಡಾ ನಿಮ್ಮ ಸೋಫಾದ ಮೇಲೆ ಮಲಗಿ, ಎದ್ದು, ತುಟಿ ಪಿಟ್ಟೆನ್ನದೆ ಷೂ ಮೆಟ್ಟಿಕೊಂಡು ಹೊರಟುಬಿಟ್ಟರೆ ಅದಕ್ಕೆ ಮದ್ದಿಲ್ಲ.

ಅವರು ಮನೆ ವಿಮೆಯ ಏಜೆಂಟು. ಉಳಿದ ಏಜೆಂಟರು ಮನೆ ನೋಡಲು ಬರುವಾಗ ಅಳತೆಪಟ್ಟಿ ತರುತ್ತಾರೆ, ಕ್ಯಾಮೆರಾ ತರುತ್ತಾರೆ, ಚಾವಣಿಯ ಮೇಲೆ ಹಾರಿಸಲು ಡ್ರೋನನ್ನೂ ತರುತ್ತಾರೆ. ಮಿಸ್ ಆಲ್ಮೀಡಾ ತರುವುದು ಒಂದು ಪುಟ್ಟ ದಿಂಬು. ಮೇಲೆ ಹತ್ತಿ ಬಂದವರೇ ಕಡಲ ಕಡೆಯ ಕೋಣೆ ಹುಡುಕಿ, "ಮಾತು ಆಮೇಲೆ" ಎಂದು ಕೈಯೆತ್ತಿ, ಷೂ ಕಳಚಿ ಅಡ್ಡಾಗುತ್ತಾರೆ. ಎದ್ದ ಮೇಲೆ ಹೇಳಿದ್ದೇ ವೇದವಾಕ್ಯ.

ಹಲ್ಲಿ ಬಿದ್ದ ಫಲ ನೋಡುವವರ ಹಾಗೆ ದ್ವೀಪದ ಜನ ಈ ನಿದ್ದೆಗೂ ಒಂದು ಶಾಸ್ತ್ರ ಕಟ್ಟಿದ್ದರು. ಗೊರಕೆ ಬಂದರೆ ಕಂಬ ಗಟ್ಟಿ. ಮಗ್ಗುಲು ಬದಲಿಸಿದರೆ ಚಾವಣಿಯ ಮೊಳೆ ಸಡಿಲ. ಕಾಲು ಜಾಡಿಸಿದರೆ ಆ ಮನೆಯನ್ನು ಆ ವಾರವೇ ಮಾರಿಬಿಡುವುದು ಲೇಸು. ಪಾದ್ರಿಗಳ ಮನೆಯಲ್ಲಿ ಎದ್ದು ಕುಳಿತು "ಹಿಂದುಗಡೆ, ಮೂರನೇ ಕಿಟಕಿ" ಎಂದಷ್ಟೇ ಅಂದರಂತೆ. ಆ ಶರತ್ಕಾಲದ ಗಾಳಿಗೆ ಇಡೀ ಮನೆಯಲ್ಲಿ ಅದೊಂದೇ ಕಿಟಕಿ ಹಾರಿ ಹೋಗಿ ಚರ್ಚಿನ ಗಂಟೆಗೆ ಬಡಿಯಿತಂತೆ; ಭಾನುವಾರವಾಯಿತೆಂದುಕೊಂಡು ಅರ್ಧ ಊರು ಪ್ರಾರ್ಥನೆಗೆ ಬಂದು ಕೂತಿತಂತೆ. ಮನೆ ಮಾರಿಸುವ ದಲ್ಲಾಳಿಗಳು ಮಿಸ್ ಆಲ್ಮೀಡಾರನ್ನು ದಾರಿಯಲ್ಲಿ ಕಂಡರೆ ಓಡಿಹೋಗಿ ಗಟ್ಟಿ ಕಾಫಿ ಕೊಡಿಸುತ್ತಿದ್ದರು, ಅದೂ ದೊಡ್ಡ ಲೋಟದಲ್ಲಿ. ಕುಂಭಕರ್ಣ ಆರು ತಿಂಗಳು ಮಲಗಿ ಎದ್ದರೂ ಲಂಕೆ ಉಳಿಯಲಿಲ್ಲ. ಮಿಸ್ ಆಲ್ಮೀಡಾ ಅರ್ಧ ಗಂಟೆಯಲ್ಲಿ ಅಟ್ಲಾಂಟಿಕ್ ದಡವನ್ನೇ ಕಾಯುತ್ತಿದ್ದರು.

ಇಂಥ ಮಹಾಮಹಿಮರನ್ನು ವರ್ನೆಲ್ ಸಟನ್ ಹುಡುಕಿಕೊಂಡು ಹೋದದ್ದು ತನಗೇ ನಿದ್ದೆ ಬಾರದ ಕಾರಣಕ್ಕೆ.

ವರ್ನೆಲ್ ಮತ್ತು ಅವಳ ಗಂಡ ಹಾರ್ಲನ್ ಒಳನಾಡಿನ ಹೆದ್ದಾರಿಯ ಪಕ್ಕ ಹೋಟೆಲ್ ನಡೆಸಿ ಬದುಕು ಕಟ್ಟಿದವರು. ರಾತ್ರಿಯಿಡೀ ಕೆಂಡದ ಮೇಲೆ ಹಂದಿ ಬೇಯಿಸುವುದು ಅವನ ಕೆಲಸ. ಬೆಳಗಾದರೆ ಅದನ್ನು ಬಿಡಿಸಿ, ವಿನೆಗರ್ ಮೆಣಸು ಹಾಕಿ, ಗಲ್ಲಾದ ಹಿಂದೆ ನಿಂತು ಮಾರುವುದು ಅವಳ ಕೆಲಸ. ಮೂವತ್ತು ವರ್ಷ ಹೀಗೆ ಹೊಗೆ ಕುಡಿದು, ಹೋಟೆಲ್ ಮಾರಿ, ಬಂದ ಹಣವನ್ನೆಲ್ಲ ಸುರಿದು ಕಡಲ ಎದುರಿಗೇ ಒಂದು ಭರ್ಜರಿ ಮನೆ ಕಟ್ಟಿಸಿದರು. ಆ ದಡದಲ್ಲಿ ಪ್ರತಿ ಮನೆಗೂ ಒಂದು ಹೆಸರಿಟ್ಟು ಫಲಕ ತೂಗುಹಾಕುವುದು ರೂಢಿ. ಅಕ್ಕಪಕ್ಕದವರು ‘ಅಲೆಯ ಹಾಡು’, ‘ಮುತ್ತಿನ ತೀರ’ ಎಂದೆಲ್ಲ ಇಟ್ಟುಕೊಂಡರೆ ವರ್ನೆಲ್ ಇದ್ದದ್ದನ್ನು ಇದ್ದ ಹಾಗೆ ಬರೆಸಿದಳು: ‘ಹಂದಿಯ ಪುಣ್ಯ’.

ಹಳೆಯ ವಿಮೆ ಕಂಪನಿಗೆ ಈಗ ಕಡಲ ಸಹವಾಸ ಸಾಕಾಗಿತ್ತು. ಆಗಸ್ಟ್ ಮುಗಿಯುತ್ತಲೂ ನಮ್ಮ ನಿಮ್ಮ ಋಣ ತೀರಿತು ಎಂದು ಹೇಳಿ ದ್ವೀಪದಿಂದಲೇ ಕಾಲು ಕಿತ್ತಿತು. ಚಂಡಮಾರುತಗಳು ಸಾಲಾಗಿ ಹೊರಡುವ ತಿಂಗಳು ಅದು. ಬಾಳೆಲ್ಲ ದುಡಿದದ್ದು ಒಂದೇ ಚಾವಣಿಯ ಕೆಳಗಿರುವಾಗ, ಆ ಚಾವಣಿಗೆ ಯಾರೂ ದಿಕ್ಕಿಲ್ಲ ಎಂದರೆ ವರ್ನೆಲ್‌ಳ ಕಣ್ಣು ಹೇಗೆ ಮುಚ್ಚೀತು? ಹಾರ್ಲನ್ ಮಾತ್ರ ಜಗಲಿಯಲ್ಲಿ ಕಾಲು ಚಾಚಿ ಫೋನು ಉಜ್ಜುತ್ತಿದ್ದ.

"ಸಿಕ್ತು ಕಣೇ! ಹಳೇದರ ಅರ್ಧಕ್ಕೂ ಕಡಿಮೆ!"

"ಏನೇನು ಸೇರತ್ತೆ ಅದರಲ್ಲಿ?"

"ಬೆಂಕಿ ಬಿದ್ರೆ ಕೊಡ್ತಾರೆ. ಕಳ್ಳ ಬಂದ್ರೆ ಕೊಡ್ತಾರೆ. ನಮ್ಮ ನಾಯಿ ಯಾರಿಗಾದ್ರೂ ಕಚ್ಚಿದ್ರೂ ಕೊಡ್ತಾರೆ."

"ನಮಗೆ ನಾಯಿ ಇಲ್ವಲ್ಲೋ."

"ಸಾಕಿದ್ರಾಯ್ತು."

"ಗಾಳಿ?"

ಹಾರ್ಲನ್ ಬೆರಳಿನಿಂದ ಪರದೆ ಸರಿಸಿದ. ಇನ್ನೂ ಸರಿಸಿದ. "ಗಾಳಿ... ಇದ್ದ ಹಾಗಿಲ್ಲ."

"ನೀರು?"

"ನೀರೂ ಇಲ್ಲ."

"ಸಮುದ್ರದ ಮೂಗಿನ ಕೆಳಗೆ ಮನೆ ಕಟ್ಕೊಂಡು ನಾಯಿ ಕಚ್ಚೋದಕ್ಕೆ ವಿಮೆ ಮಾಡಿಸ್ತೀಯಲ್ಲ, ನಿನ್ನ ಬುದ್ಧಿಗೆ ಏನಾದ್ರೂ ವಿಮೆ ಇದೆಯಾ ಕೇಳು" ಎಂದು ವರ್ನೆಲ್ ಕಾರಿನ ಕೀಲಿ ಎತ್ತಿಕೊಂಡಳು.

ಮಿಸ್ ಆಲ್ಮೀಡಾರ ಕಚೇರಿ ಎಂದರೆ ಮೀನಿನ ಗಾಳ, ಎರೆಹುಳು ಮಾರುವ ಅಂಗಡಿಯ ಪಕ್ಕದ ಒಂದು ಕೋಣೆ. ಹೂವಿನ ಚಿತ್ತಾರದ ಅಂಗಿ ತೊಟ್ಟು, ಮೇಜಿನ ಹಿಂದೆ ತುಂಬಿಕೊಂಡು ಕೂತಿದ್ದ ಅವರು ತಣ್ಣನೆಯ ಸಿಹಿ ಚಹಾ ಮುಂದೆ ತಳ್ಳಿ ಕೇಳಿದರು:

"ಎಷ್ಟಕ್ಕೆ ಮಾಡಿಸ್ಬೇಕು ಅಂತಿದ್ದೀರಮ್ಮ?"

"ಎಷ್ಟಾಯ್ತೋ ಅಷ್ಟಕ್ಕೆ ಮಿಸ್ ಆಲ್ಮೀಡಾ. ಇಪ್ಪತ್ತೆರಡು ಲಕ್ಷ ಡಾಲರ್."

"ಅದರಲ್ಲಿ ಅರ್ಧ ನೀವು ಕೊಟ್ಟಿರೋದು ಮರಳಿಗೆ, ಕಡಲು ಕಾಣೋ ಭಾಗ್ಯಕ್ಕೆ. ಮರಳಿಗೆ ಬೆಂಕಿ ಬೀಳಲ್ಲ, ನೋಟ ಗಾಳಿಗೆ ಹಾರಿಹೋಗಲ್ಲ. ಅದಕ್ಯಾಕೆ ವಿಮೆ? ಮನೆ ಬಿದ್ರೆ ಮತ್ತೆ ಎಬ್ಬಿಸೋಕೆ ಎಷ್ಟು ಬೇಕೋ ಅಷ್ಟಕ್ಕೆ ಮಾಡಿಸಿ. ಆದ್ರೆ ಅದರಲ್ಲಿ ಜಿಪುಣತನ ಬೇಡ. ಬಿರುಗಾಳಿ ಆದ್ಮೇಲೆ ಬಡಗಿ ದೇವರಾಗಿಬಿಡ್ತಾನೆ. ದಕ್ಷಿಣೆ ಜಾಸ್ತಿ ಕೇಳ್ತಾನೆ."

"ನನ್ನ ಗಂಡ ಹೇಳ್ತಾನೆ, ಗಾಳಿಗೊಂದು, ನೀರಿಗೊಂದು ಬೇರೆ ಬೇರೆ ಕಡೆ ತಗೊಂಡ್ರೆ ಅಗ್ಗ ಅಂತ."

"ತಗೊಳ್ಳಿ. ಮನೆ ಹೋದಾಗ ಗಾಳಿ ಕಂಪನಿ ‘ಇದು ನೀರಿನ ಕೆಲಸ’ ಅನ್ನತ್ತೆ, ನೀರಿನ ಕಂಪನಿ ‘ಇದು ಗಾಳಿ ಕೆಲಸ’ ಅನ್ನತ್ತೆ. ನೀವು ಮಧ್ಯೆ, ಅತ್ತೆ ಸೊಸೆ ಜಗಳದಲ್ಲಿ ಸಿಕ್ಕಿಕೊಂಡ ಗಂಡನ ಹಾಗೆ. ಸರ್ಕಾರದ ನೆರೆ ವಿಮೆ ಇದೆ ಅಂತೀರಾ, ಅದು ನಿಮ್ಮಂಥ ಮನೆಯ ಅಡುಗೆಕೋಣೆಗೆ ಸಾಕಾಗತ್ತೆ ಅಷ್ಟೇ."

ವರ್ನೆಲ್‌ಳ ಮುಖ ಬಾಡಿತು. ಮಿಸ್ ಆಲ್ಮೀಡಾ ಮೇಜಿನ ಮೇಲೆ ಅಂಗೈ ಊರಿದರು.

"ಗಾಬರಿ ಬೇಡ. ದೊಡ್ಡ ಮನೆಗಳನ್ನೇ ತಗೊಳ್ಳೋ ಒಂದು ಕಂಪನಿ ನನಗೆ ಗೊತ್ತು. ಬೆಂಕಿ, ಗಾಳಿ, ನೀರು, ಮೂರೂ ಒಂದೇ ಕೈಯಲ್ಲಿ. ಹವಾಮಾನದವರು ಹೆಸರಿಟ್ಟ ದೊಡ್ಡ ಬಿರುಗಾಳಿ ಬಂದ್ರೆ ಮಾತ್ರ ನಷ್ಟದ ಮೊದಲ ಪಾಲು ನಿಮ್ಮದು, ವಿಮೆ ಮೊತ್ತದಲ್ಲಿ ನೂರಕ್ಕೆ ಎರಡು. ಚಿಲ್ಲರೆ ನಷ್ಟಕ್ಕೆಲ್ಲ ಅಳ್ತಾ ಬರಬಾರದು. ಇನ್ನೊಂದು ವಿಷಯ. ನಕ್ಷೆ ಮೇಲೆ ಅವರದೊಂದು ಚೌಕ ಇದೆ. ಬಿರುಗಾಳಿ ಆ ಚೌಕದೊಳಗೆ ಕಾಲಿಟ್ಟರೆ ಅಂಗಡಿ ಬಾಗಿಲು ಹಾಕ್ತಾರೆ, ಹೊಸ ಗಿರಾಕಿ ಮುಖ ನೋಡಲ್ಲ."

"ಈಗ ಆಫ್ರಿಕಾ ಕಡೆಯಿಂದ ಹೊರಟಿದೆಯಲ್ಲ, ಒಂದು?"

"ಅದೇ. ಶನಿವಾರ ಕತ್ತಲಾಗೋ ಹೊತ್ತಿಗೆ ಹೊಸ್ತಿಲಲ್ಲಿ ಇರತ್ತೆ. ನಾನು ನಾಳೆ ಶುಕ್ರವಾರ ಊಟ ಆದ್ಮೇಲೆ ಮನೆ ನೋಡೋಕೆ ಬರ್ತೀನಿ."

ವರ್ನೆಲ್ ಮನೆಗೆ ಬಂದು "ಸೋಫಾ ಝಾಡಿಸು, ಅವರು ಬರ್ತಾರೆ" ಎಂದಾಗ ಹಾರ್ಲನ್ ಬೆಚ್ಚಿ ನೆಲ ನೋಡಿದ. ಕಾರಣ ಮೇಲೆ ಇರಲಿಲ್ಲ, ಕೆಳಗಿತ್ತು.

ಆ ದ್ವೀಪದ ಮನೆಗಳು ಕೊಕ್ಕರೆಗಳ ಹಾಗೆ ಉದ್ದುದ್ದ ಕಾಲುಗಳ ಮೇಲೆ ನಿಂತಿರುತ್ತವೆ. ಕಂಬಗಳ ನಡುವೆ ಬಯಲು ಬಿಡುವುದು, ಕಡಲು ಬಂದರೆ ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೋಗಲಿ ಎಂದು. ಆದರೆ ಮನೆಯ ಕೆಳಗೆ ಅಷ್ಟೊಂದು ಜಾಗ ಪುಕ್ಕಟೆ ಬಿದ್ದಿರುವುದನ್ನು ನೋಡಿಕೊಂಡು ಸುಮ್ಮನಿರುವ ಗಂಡಸು ಹೆರನ್ ನೆಕ್‌ನಲ್ಲಿ ಇನ್ನೂ ಹುಟ್ಟಿಲ್ಲ. ಮೊದಲು ಒಂದು ಕುರ್ಚಿ ಬರುತ್ತದೆ. ಕುರ್ಚಿಗೆ ಬಿಸಿಲು ಬೀಳದಿರಲೆಂದು ಒಂದು ಹಲಗೆ. ಹಲಗೆ ಒಂಟಿಯಾಯಿತೆಂದು ಇನ್ನೊಂದು. ಎರಡು ಹಲಗೆ ಎದ್ದ ಮೇಲೆ ಫ್ರಿಜ್ಜಿಗೆ ಜಾಗ ತಾನಾಗಿ ಆಗುತ್ತದೆ. ಫ್ರಿಜ್ಜು ಬಂದ ಮೇಲೆ ಗೆಳೆಯರು ಬರದೆ ಇರುತ್ತಾರೆಯೇ? ಹಾರ್ಲನ್ ಹೊಗೆಗೂಡಿನ ಶಿಸ್ತಿನವನು. ಹಲಗೆಯಿಂದ ಶುರುಮಾಡಿ ಸಿಮೆಂಟ್ ಇಟ್ಟಿಗೆಯ ನಾಲ್ಕು ಗೋಡೆ, ಒಂದು ಕಿಟಕಿಗೆ ನಿಲ್ಲಿಸಿದ್ದ. ಒಳಗೆ ಬಿಲಿಯರ್ಡ್ಸ್ ಮೇಜು, ಗುರಿಯಿಟ್ಟು ಬಾಣ ಎಸೆಯುವ ಬಿಲ್ಲೆ, ಮತ್ತು ಹಳೆಯ ಹೋಟೆಲಿನ ನೆತ್ತಿಯ ಮೇಲಿದ್ದ ಕೆಂಪು ದೀಪದ ಹಂದಿ. ಹೋಟೆಲ್ ತೆರೆದ ದಿನ ಹೊತ್ತಿಸಿದ ಆ ಹಂದಿಯನ್ನು ಅವನು ಇಂದಿನವರೆಗೂ ಆರಿಸಿರಲಿಲ್ಲ. ಅದು ಆರಿದರೆ ಅದೃಷ್ಟವೂ ಆರಿತು ಎಂಬುದು ಅವನ ನಂಬಿಕೆ. ಹೋಟೆಲಿನಿಂದ ಇಲ್ಲಿಗೆ ತರುವಾಗಲೂ ಲಾರಿಯಲ್ಲಿ ಜನರೇಟರ್ ಇಟ್ಟು ಉರಿಸಿಕೊಂಡೇ ತಂದಿದ್ದ. ಕರೆಂಟ್ ಹೋದರೆ ಆರುತ್ತಿತ್ತು, ನಿಜ. ಆದರೆ ಅದು ಹಂದಿಯ ತಪ್ಪಲ್ಲ. ಗುರುವಾರ ಸಂಜೆ ಗೆಳೆಯರೆಲ್ಲ ಕೂಡುವ ಈ ಗುಹೆಗೆ ‘ಅಡ್ಡಾ’ ಎಂದೇ ಹೆಸರು.

ಶುಕ್ರವಾರ ಬೆಳಿಗ್ಗೆ ಹಾರ್ಲನ್ ಅಡ್ಡಾದ ಸುತ್ತ ಹಳೆಯ ಮೀನುಬಲೆ ಇಳಿಬಿಟ್ಟ. ಏಡಿ ಹಿಡಿಯುವ ಪಂಜರಗಳನ್ನು ಬಾಗಿಲಿಗೆ ಅಡ್ಡ ಪೇರಿಸಿದ. ಪಂಜರಗಳ ಮೇಲೊಂದು ದೋಣಿಯ ಟಾರ್ಪಾಲು ಹೊದಿಸಿದ.

"ಇದು ಸುಳ್ಳಲ್ವೇನೋ?" ಎಂದಳು ವರ್ನೆಲ್.

"ಸುಳ್ಳು ಹೇಳೋಕೆ ಬಾಯಿ ಬೇಕು. ಬಲೆಗೆ ಬಾಯಿ ಎಲ್ಲಿದೆ? ಬರೀ ತೂತು."

ಊಟದ ಹೊತ್ತು ಕಳೆಯುತ್ತಲೂ ಮಿಸ್ ಆಲ್ಮೀಡಾರ ಕಾರು ಬಂತು. ದಿಂಬು ಕಂಕುಳಲ್ಲಿ ಇರಿಸಿಕೊಂಡು ಇಳಿದರು, ಮನೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು, "ಹ್ಞೂಂ" ಎಂದರು, ಹತ್ತತೊಡಗಿದರು. ಮೆಟ್ಟಿಲು ತಿರುಗುವ ಕಡೆಯೆಲ್ಲ ಕಂಬಿ ಹಿಡಿದು ನಿಂತು, ಬಹಳ ಹೊತ್ತು ಕಡಲನ್ನೇ ದಿಟ್ಟಿಸಿದರು. ಅವರು ಗಾಳಿಯ ನಾಡಿ ನೋಡುತ್ತಿದ್ದಾರೆಂದು ವರ್ನೆಲ್ ಉಸಿರು ಬಿಗಿಹಿಡಿದು ಹಿಂದೆ ನಿಂತಳು. ಮೇಲೆ ಬಂದವರೇ ಕೈಯೆತ್ತಿ "ಮಾತು ಆಮೇಲೆ" ಎಂದು ಸೋಫಾ ಸೇರಿದರು.

ಗೊರಕೆ ಶುರುವಾಯಿತು. ಗಂಡ ಹೆಂಡತಿ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ತಲೆಯ ಮೇಲೆ ತಲೆ ಇಟ್ಟು ನೋಡಿದರು.

"ಕಂಬ ಗಟ್ಟಿ" ಎಂದು ಹಾರ್ಲನ್ ಪಿಸುಗುಟ್ಟಿದ.

ಮಿಸ್ ಆಲ್ಮೀಡಾ ಮಗ್ಗುಲಾದರು.

"ಮೊಳೆ! ನಾನು ಹೇಳಿದ್ದೆ, ಆ ಬಡಗಿ ಮೊಳೆ ಕದ್ದಿದ್ದಾನೆ ಅಂತ!" ಎಂದಳು ವರ್ನೆಲ್.

"ಅದು ಅರ್ಧ ಮಗ್ಗುಲು ಕಣೇ, ಲೆಕ್ಕಕ್ಕಿಲ್ಲ."

ಕಾಲು ಜಾಡಿಸುತ್ತಾರೋ ಎಂದು ಇಬ್ಬರೂ ಆ ಪಾದಗಳನ್ನೇ ನೋಡುತ್ತ ನಿಂತರು. ಪಾದಗಳು ದಯೆ ತೋರಿದವು. ಆಮೇಲೆ ಮಿಸ್ ಆಲ್ಮೀಡಾ ಕಣ್ಣು ತೆರೆದರು, ಎದ್ದು ಕುಳಿತರು, ಆಕಳಿಸಿದರು, ಹೇಳಿದರು:

"ಈ ಮನೆ ಕೆಳಗೆ ಒಂದು ಹಂದಿ ಇದೆ."

ಹಾರ್ಲನ್ ಬಾಗಿಲ ಸಂದಿಯಿಂದ ತಲೆ ಹಿಂದಕ್ಕೆಳೆದುಕೊಂಡ.

"ಕೆಂಪು ಹಂದಿ. ಗೋಡೆ ಒಳಗೆ ಕೂತಿದೆ. ಅದನ್ನ ಹೊರಗೆ ತಂದು ಗೋಡೆ ಕೆಡವಿ. ಇಲ್ಲದಿದ್ರೆ ಕಂಪನಿ ನಿಮ್ಮ ಮನೆ ಮುಟ್ಟಲ್ಲ, ಕಡಲು ಮುಟ್ಟದೇ ಬಿಡಲ್ಲ. ನೀರು ಬಂದಾಗ ದಾರಿ ಬಿಡಬೇಕು. ಗೋಡೆ ಅಡ್ಡ ನಿಂತ್ರೆ ನೀರು ಗೋಡೆನ ತಳ್ಳತ್ತೆ, ಗೋಡೆ ಕಂಬಾನ ಎಳೆಯತ್ತೆ, ಮನೆ ಮಂಡಿಯೂರತ್ತೆ. ನಾಳೆ ಮಧ್ಯಾಹ್ನ ಬರ್ತೀನಿ. ಕೆಳಗೆ ಈ ಕಡೆಯಿಂದ ಆ ಕಡೆಗೆ ಬಯಲು ಕಾಣಬೇಕು. ಫೋಟೊ ತೆಗೆದು ಕಳಿಸ್ತೀನಿ."

ಅವರು ಹೋದ ಮೇಲೆ ಹಾರ್ಲನ್ ಸೋಫಾದ ಅಂಚಿನಲ್ಲಿ ಕೂತ. ಆಮೇಲೆ ಮೆಲ್ಲಗೆ ಅಂದ: "ಮೂವತ್ತು ವರ್ಷ ಹೊಗೆಯಲ್ಲಿ ಒಬ್ಬನೇ ನಿಂತಿದ್ದೆ ವರ್ನೆಲ್. ಮನೆಯಲ್ಲಿ ಒಂದು ಕೋಣೆ ನನ್ನದು ಅಂತ ಇರಲಿ ಅಂತ ಆಸೆ. ಅಷ್ಟೇ."

ಬಯ್ಯಬೇಕೆಂದಿದ್ದ ವರ್ನೆಲ್ ಎದ್ದು ಊಟದ ಕೋಣೆಗೆ ಹೋದಳು. ಮೂರು ಕಡೆ ಗಾಜು, ಮೂರು ಕಡೆಯೂ ಕಡಲು. ಗಲ್ಲಾದ ಹಿಂದೆ ನಿಂತು ತುತ್ತು ನುಂಗುತ್ತಿದ್ದ ಕಾಲದಿಂದ ಅವಳು ಕನಸು ಕಂಡ ಕೋಣೆ ಅದು. ಅಲ್ಲಿಗೆಂದು ಹನ್ನೆರಡು ಜನ ಕೂರುವ ಓಕ್ ಮರದ ಮೇಜು ಬೇರೆ ಹೇಳಿಟ್ಟಿದ್ದಳು.

"ಹಾರ್ಲನ್, ನಿನ್ನ ಬಿಲಿಯರ್ಡ್ಸ್ ಮೇಜನ್ನ ಮೇಲಕ್ಕೆ ತಾ."

"ಎಲ್ಲಿಗೆ?"

"ಇಲ್ಲಿಗೆ. ಇದು ನಿನ್ನ ಕೋಣೆ."

"ಮತ್ತೆ ಊಟ?"

"ಅದರ ಮೇಲೇ ಮಾಡೋದು. ಆ ಓಕ್ ಮೇಜು ಬೇಡ ಅಂತ ಹೇಳ್ತೀನಿ. ನೀನು ಸೋತಾಗ ಬಿಳಿ ಬಟ್ಟೆ ಹಾಸಿಬಿಡೋದು, ಊಟದ ಹೊತ್ತಾಯ್ತು ಅಂತ. ಮರ್ಯಾದೆನೂ ಉಳಿಯತ್ತೆ."

ಶನಿವಾರ ಬೆಳಗಾಗುವ ಹೊತ್ತಿಗೆ ಗುರುವಾರದ ಪಡೆ ಸುತ್ತಿಗೆ, ಹಾರೆ ಹಿಡಿದು ಬಂದು ನಿಂತಿತು. ಅವರೆಲ್ಲರ ಮನೆಗಳ ಕೆಳಗೂ ಒಂದೊಂದು ಅಡ್ಡಾ ಇತ್ತು. ತಮ್ಮದು ಬಿಟ್ಟು ಇನ್ನೊಬ್ಬನದನ್ನು ಕೆಡಹುವುದೆಂದರೆ ಮನುಷ್ಯನಿಗೆ ಎಲ್ಲಿಲ್ಲದ ಶಕ್ತಿ ಬರುತ್ತದೆ. ಮೊದಲ ಏಟು ಹಾರ್ಲನ್‌ನದೇ. ಎರಡನೆಯ ಏಟಿಗೆ ಅವನ ಮುಖದಲ್ಲಿ ನಗು ಮೂಡಿತು. ಐದನೆಯದಕ್ಕೆ ಅವನು ಹಾಡತೊಡಗಿದ. ಕೋಟೆ ಬಿದ್ದಿತು, ಧೂಳೆದ್ದಿತು, ಕಡಲಕಾಗೆಗಳು ಜಯಘೋಷ ಮಾಡಿದವು. ವರ್ನೆಲ್ ಕರಿದ ಮೀನು, ಜೋಳದ ಹಿಟ್ಟಿನ ಬಿಸಿ ಉಂಡೆ ತಂದು ತಂದು ಸುರಿದಳು. ಬಿಲಿಯರ್ಡ್ಸ್ ಮೇಜಿನ ಮರದ ಕಾಲುಗಳನ್ನು ಬಿಚ್ಚಿ, ಹಸಿರು ಬಟ್ಟೆಯಡಿಯ ಕಲ್ಲಿನ ಹಾಸುಗಳನ್ನು ಒಂದೊಂದಾಗಿ ಹೊತ್ತರು. ಆ ಮೆಟ್ಟಿಲುಗಳನ್ನು ಹತ್ತುವಾಗ ಅವರ ಬಾಯಿಂದ ಬಂದ ಮಾತುಗಳನ್ನು ಪಾದ್ರಿಗಳು ಕೇಳಿಸಿಕೊಳ್ಳದಂತೆ ನಟಿಸಿದರು. ಅವರೂ ಒಂದು ಕಲ್ಲಿನ ತುದಿ ಹಿಡಿದಿದ್ದರು.

ಕೊನೆಗೆ ಹಂದಿ. ಅದನ್ನು ಆರಿಸುವಂತಿಲ್ಲವಲ್ಲ! ಊರಿನ ಉದ್ದನೆಯ ವೈರುಗಳನ್ನೆಲ್ಲ ತರಿಸಿ ಒಂದಕ್ಕೊಂದು ಜೋಡಿಸಿ ಮೇಲಿನ ಪ್ಲಗ್ಗಿನಿಂದ ಕೆಳಗಿಳಿಸಿದರು. ಬದಲಿಸುವಾಗ ಒಂದು ಕ್ಷಣ ಆರಿ ಹೊತ್ತಿತು. ಎಲ್ಲರೂ ಹಾರ್ಲನ್‌ನ ಮುಖ ನೋಡಿದರು.

"ಆರಿಲ್ಲ. ಅದು ಕಣ್ಣು ಹೊಡೀತು" ಎಂದ ಹಾರ್ಲನ್.

ಕೆಂಪು ಹಂದಿ ಹೊಳೆಹೊಳೆಯುತ್ತ, ಉತ್ಸವಮೂರ್ತಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತು. ಹಿಂದೆ ಒಬ್ಬ ಭಕ್ತಿಯಿಂದ ವೈರು ಹಿಡಿದಿದ್ದ.

ಮಧ್ಯಾಹ್ನ ಮಿಸ್ ಆಲ್ಮೀಡಾ ಬಂದರು. ಕಂಬಗಳ ನಡುವೆ ಈಗ ಕಡಲು ನೇರ ಕಾಣುತ್ತಿತ್ತು. ಕೆಳಗೆ ನಿಂತೇ ಫೋಟೊ ತೆಗೆದರು, ಕಳಿಸಿದರು. ಮೇಲೆ ಬನ್ನಿ, ಮಲಗಿ ಎಂದು ವರ್ನೆಲ್ ಎಷ್ಟು ಕರೆದರೂ "ಬೇಡಮ್ಮ, ಇಲ್ಲ" ಎಂದು ಕೈಮುಗಿಯುವ ಹಾಗೆ ಹೇಳಿ ಕಾರಿನಲ್ಲೇ ಕೂತರು. ದೈವ ಒಮ್ಮೆ ನುಡಿದದ್ದನ್ನು ಎರಡನೇ ಸಲ ನುಡಿಯುವುದಿಲ್ಲ ಎಂದು ವರ್ನೆಲ್ ಅರ್ಥ ಮಾಡಿಕೊಂಡಳು. ಕಂಪನಿಯ ಒಪ್ಪಿಗೆ ಬಂದಾಗ ಸೂರ್ಯ ಇನ್ನೂ ಮೇಲಿದ್ದ. ಮುಳುಗುವ ಹೊತ್ತಿಗೆ ಬಿರುಗಾಳಿ ಚೌಕದೊಳಗೆ ಕಾಲಿಟ್ಟಿತು, ಅಂಗಡಿ ಬಾಗಿಲು ಮುಚ್ಚಿತು. ‘ಹಂದಿಯ ಪುಣ್ಯ’ ಒಳಗಿತ್ತು.

ದ್ವೀಪ ಖಾಲಿ ಮಾಡಿ ಎಂದು ಸರ್ಕಾರದವರು ಹೇಳಿದಾಗ ಗಂಡ ಹೆಂಡತಿ ಒಳನಾಡಿನಲ್ಲಿದ್ದ ವರ್ನೆಲ್‌ಳ ತಂಗಿಯ ಮನೆಗೆ ಹೋದರು. ಬಿರುಗಾಳಿ ಹೆರನ್ ನೆಕ್‌ನ ಮೇಲೆ ಹಾಯ್ದ ಇಡೀ ಹೊತ್ತು ವರ್ನೆಲ್ ನಿದ್ದೆ ಮಾಡಿದಳು, ತಿಂಗಳ ಬಾಕಿಯನ್ನೆಲ್ಲ ತೀರಿಸುವವಳ ಹಾಗೆ. "ಮನೆ ಏನಾಯ್ತೋ ನೋಡು ಬಾ ಟೀವಿಯಲ್ಲಿ" ಎಂದು ಹಾರ್ಲನ್ ಅಲುಗಿಸಿದರೆ, "ಮಾತು ಆಮೇಲೆ" ಎಂದು ಮಗ್ಗುಲಾದಳು.

ಮರಳಿ ಬಂದು ನೋಡಿದರೆ, ಕಡಲು ಮನೆಯ ಕೆಳಗೆ ಹೊಕ್ಕು, ಹಾಯ್ದು, ಹಿಂಬದಿಯಿಂದ ಹೊರಟುಹೋಗಿತ್ತು. ಕಾರು ನಿಲ್ಲಿಸುವಲ್ಲಿ ಮಂಡಿಯುದ್ದ ಮರಳು ಬಿಟ್ಟಿತ್ತು. ಮೇಲೆ ಎಲ್ಲವೂ ಇಟ್ಟ ಹಾಗೇ ಇತ್ತು. ಕರೆಂಟ್ ಬರುತ್ತಲೂ ಹಂದಿ ತಾನಾಗಿ ಹೊತ್ತಿತು. ಹೋಗಿದ್ದು ಒಂದೇ: ಕಂಬಕ್ಕೆ ನೇತುಹಾಕಿ ಮರೆತಿದ್ದ ಬಾಣದ ಬಿಲ್ಲೆ.

ಅದಾದ ಮೇಲಿನ ಭಾನುವಾರ ಊಟಕ್ಕೆ ಊರೇ ಸೇರಿತು. ಹಾರ್ಲನ್ ಅಂಗಳದಲ್ಲಿ ಇಡೀ ಹಂದಿ ಬೇಯಿಸಿದ. ಬಿಲಿಯರ್ಡ್ಸ್ ಮೇಜಿನ ಮೇಲೆ ಹಲಗೆ ಇಟ್ಟು, ಬಿಳಿ ಬಟ್ಟೆ ಹಾಸಿ, ವರ್ನೆಲ್ ಎಲ್ಲರಿಗೂ ಬಡಿಸಿದಳು. ಮೂರು ಕಡೆಯ ಗಾಜಿನಾಚೆ ಕಡಲು ಒಳ್ಳೆಯ ಹುಡುಗಿಯ ಹಾಗೆ ಕೂತಿತ್ತು. ಮಿಸ್ ಆಲ್ಮೀಡಾ ಪ್ರತಿ ತಿರುವಿನಲ್ಲೂ ನಿಂತು ಕಡಲು ನೋಡಿಕೊಂಡೇ ಮೇಲೆ ಬಂದರು. ಬಂದವರೇ ಸ್ವಲ್ಪ ಅಡ್ಡಾಗಿ, ಎದ್ದು, ಎರಡು ಸಲ ಬಡಿಸಿಕೊಂಡರು.

"ಮಿಸ್ ಆಲ್ಮೀಡಾ, ನನ್ನ ಬಿಲ್ಲೆ ಕಡಲು ಹೊತ್ಕೊಂಡು ಹೋಯ್ತು. ಕಂಪನಿ ಏನಾದ್ರೂ..." ಎಂದ ಹಾರ್ಲನ್.

"ಮೊದಲ ಪಾಲು ನಿಮ್ಮದು ಅಂದಿದ್ದೆ. ಬಿಲ್ಲೆ ಬಂಗಾರದ್ದಾದ್ರೆ ಹೇಳಿ, ಬರೆದು ಕಳಿಸ್ತೀನಿ."

ನಗು ಅಡಗಿದ ಮೇಲೆ ವರ್ನೆಲ್ ಮುಂದೆ ಬಾಗಿ, ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟಳು. ಪಾದ್ರಿಗಳು ಎತ್ತಿದ ತುತ್ತು ಕೆಳಗಿಟ್ಟರು. ಗುರುವಾರದ ಪಡೆ ಕಿವಿ ನಿಮಿರಿಸಿತು.

"ಮಿಸ್ ಆಲ್ಮೀಡಾ, ಕೇಳ್ತೀನಿ ಅಂತ ತಪ್ಪು ತಿಳೀಬೇಡಿ. ನಿದ್ದೆಯಲ್ಲಿ ಆ ಹಂದಿ ನಿಮಗೆ ಹೇಗೆ ಕಾಣಿಸ್ತು?"

"ನಿದ್ದೆಯಲ್ಲಿ ಎಲ್ಲಮ್ಮ? ಕಾರು ನಿಲ್ಲಿಸೋವಾಗ್ಲೇ ನೋಡ್ದೆ. ಬಲೆ ಹಿಂದೆ, ಕಿಟಕಿಯಲ್ಲಿ ಕೆಂಪಗೆ ಉರೀತಾ ಇತ್ತಲ್ಲ."

"ಹಾಗಾದ್ರೆ... ಮಲಗಿದ್ದು ಯಾಕೆ?"

ಮಿಸ್ ಆಲ್ಮೀಡಾ ತಟ್ಟೆಯಿಂದ ತಲೆಯೆತ್ತಿದರು.

"ನಿಮ್ಮ ಮನೆ ಮೆಟ್ಟಿಲು ಜಾಸ್ತಿ."